ಬಚ್ಚಲ ಕೊಳವೆಯ ಕೂದಲು

ಮನೆತನಕ್ಕೆ ಮೊದಲ ಡಿಗ್ರಿ ನನ್ನದು. ಆದರೂ ಬಚ್ಚಲ ಗೋಡೆಯ ಮೇಲೆ ಪುಟ್ಟ ನೊಣ ಕಂಡರೆ ಮರಾಠಿ ಸೀಮೆಯ ಭೋಸರಿಯಲ್ಲಿ, ನಮ್ಮ ಬಾಡಿಗೆಯ ಒಂದೇ ಕೋಣೆಯ ಖೋಲಿಯಲ್ಲಿ ಕಳೆದ ಆ ಮಧ್ಯಾಹ್ನ ನೆನಪಾಗುತ್ತದೆ.

"ನೊಣ ಹೋಗದಿದ್ರ ಖೋಲಿ ಬಿಡ್ರಿ ಅಂದಾಳ," ಎಂದು ಮೇಲಿನ ಮನೆಯ ಮಾಲಕಿಯ ಮಾತು ಹೇಳುತ್ತ ಅವ್ವ ಬಚ್ಚಲಿಗೆ ಕುದಿಯುವ ನೀರು ಸುರಿದಳು. ನೊಣಗಳು ಎದ್ದು ಮತ್ತೆ ಗೋಡೆಗೇ ಕೂತವು. ರೋಮದ ರೆಕ್ಕೆಗಳಿಂದ ಹನಿಗಳು ಜಾರಿಹೋದವು.

"ಒಳಗ ಹುಟ್ಟತಾವ ಇವು. ನಿನ್ನ ಕೈ ಸಣ್ಣದದ, ಹಾಕು."

ಬಿಸಿ ಆರದ ಕೊಳವೆಯಿಂದ ಲೋಳೆ ಎಳೆದೆ. ಮೆಹಂದಿ ಬಣ್ಣದ ಕೂದಲ ಗಂಟಿನಲ್ಲಿ ಹುಳಗಳು ಮಿಸುಕುತ್ತಿದ್ದವು. ಮೇಲಿನ ಮನೆಯ ನೀರೂ ಅದೇ ಕೊಳವೆಗೆ ಬರುತ್ತಿತ್ತು.

"ಅವ್ವಾ, ನಾವೆಲ್ಲಿ ಮೆಹಂದಿ ಹಚ್ಚತೀವಿ? ಇದು ಆಕೀದು! ತೋರಿಸಲೇನು?"

"ಬಾಯಿ ಮುಚ್ಚು. ಖೋಲಿ ಬೇಕೋ ಬ್ಯಾಡೋ?"

ಅಷ್ಟರಲ್ಲಿ ಮಾಲಕಿ ಬಾಗಿಲಿಗೆ ಬಂದಳು. ಅವ್ವ ಗಂಟನ್ನು ನನ್ನ ಕೈಯಿಂದ ಕಸಿದು ಮುಷ್ಟಿಯಲ್ಲಿ ಹಿಡಿದು, ಸೆರಗಿನಲ್ಲಿ ಮುಚ್ಚಿಕೊಂಡು, ಹರಕು ಮರಾಠಿಯಲ್ಲಿ, ಹೊಲಸೆಲ್ಲ ನಮ್ಮದೇ, ತಪ್ಪಾಯಿತು ಎಂದಳು.

ಖೋಲಿ ಉಳಿಯಿತು. ಮಾಲಕಿ ಮೆಟ್ಟಿಲು ಹತ್ತಿ ಹೋಗುವವರೆಗೂ ಅವ್ವ ಮುಷ್ಟಿ ಬಿಚ್ಚಲಿಲ್ಲ.