ಸತ್ತ ಪಿನ್ನಿನ ಗೆರಿ

“ಇದು ಖೊಟ್ಟಿ ಪತ್ರ ಅಂತ್ರಿ,” ಎಂದು ತಾರವ್ವ ಕಾಗದವನ್ನು ಮೇಜಿನ ಮೇಲಿಟ್ಟಾಗ, ಪರಮಾನಂದನ ಬೆರಳಿಗೆ ಹತ್ತಿದ್ದ ರಿಬ್ಬನ್ನಿನ ಮಸಿ ಇನ್ನೂ ಹೋಗಿರಲಿಲ್ಲ. ಬನಹಟ್ಟಿಯ ನೇಕಾರರ ಸಂಘದಲ್ಲಿ ಆ ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಜೊತೆ ಹದಿನೆಂಟು ವರ್ಷ ಏಗಿದವನು ಅವನೇ. ಅದರ ಅಕ್ಷರ ಒತ್ತುವ ಹೆಡ್ಡಿನ ಒಂದು ಪಿನ್ನು ಸತ್ತು, ಪ್ರತಿ ಸಾಲಿನ ಅಕ್ಷರಗಳ ನಡುವೆ ಅಡ್ಡಕ್ಕೊಂದು ಬಿಳಿ ಗೆರೆ ಉಳಿಯುತ್ತಿತ್ತು. ಹನ್ನೊಂದು ವರ್ಷ ಅರ್ಜಿ ಬರೆದ ಮೇಲೆ ಮೊನ್ನೆ ಹೊಸ ಹೆಡ್ ಬಂದಿತ್ತು. ಅದರಲ್ಲಿ ಮೂಡಿದ ಮೊದಲ ಪತ್ರವೇ ಇದು: ತಾರವ್ವ ನೇಕಾರಳು ಎಂಬುದಕ್ಕೆ ದವಾಖಾನೆಯವರು ಕೇಳಿದ್ದ ದಾಖಲೆ.

“ಸಂಘದ ಸಿಕ್ಕಾ ಒತ್ತೈತಿ, ಸಹಿ ಐತಿ. ಮತ್ತೇನ್ ಬೇಕಂತ ಅವರಿಗೆ?”

“ನಿಮ್ಮ ಹಳೇ ಪತ್ರದ ಗಂಟ ತಗದು ನೋಡಿದ್ರು. ಎಲ್ಲಾದ್ರಾಗೂ ಗೆರಿ ಐತಿ, ಇದ್ರಾಗಿಲ್ಲ ಅಂದ್ರು. ಸಿಕ್ಕಾ ಯಾರರ ಮಾಡಿಸ್ತಾರಂತ, ಆ ಗೆರಿ ಮಾತ್ರ ಯಾರಿಗೂ ಬರಂಗಿಲ್ಲಂತ. ನಾಳಿಗೆ ಕಣ್ಣಿನ ಆಪರೇಶನ್ ಐತ್ರಿ.”

ಜಮಖಂಡಿಯ ದವಾಖಾನೆಯ ತನಕ ಹೋಗಿ ವಾದ ಮಾಡುವ ಕಸುವು ಪರಮಾನಂದನಲ್ಲಿ ಉಳಿದಿರಲಿಲ್ಲ. ಮುಚ್ಚಳ ತೆಗೆದು ಹೊಸ ಹೆಡ್ ಬಿಚ್ಚಿದ. ಕಸದ ಬುಟ್ಟಿಯಿಂದ ಹಳೆಯದನ್ನು ಹೆಕ್ಕಿ, ಅಂಗಿಯ ಚುಂಗಿನಿಂದ ಒರೆಸಿ ಕೂಡಿಸಿದ. ಪ್ರಿಂಟರ್ ಕರಕರ ಹಲ್ಲು ಕಡಿಯಿತು. ತಾರವ್ವ ಹೊಸ ಪತ್ರವನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು; ಪೊರೆ ಬಂದ ಕಣ್ಣಿಗೆ ಏನೂ ಕಾಣದೆ ಅವನತ್ತ ಚಾಚಿದಳು.

“ಗೆರಿ ಬಂದೈತೇನ್ರಿ?”

“ಬಂದೈತಿಬೇ ಯವ್ವಾ,” ಎಂದ ಪರಮಾನಂದ, ಹೊಸ ಹೆಡ್ಡನ್ನು ಅದರ ಡಬ್ಬಿಯೊಳಗೆ ಮಲಗಿಸುತ್ತ. “ಭಾಳ ಛಲೋ ಬಂದೈತಿ.”