ಸ್ಮಶಾನಕ್ಕೊಂದು ಹುಲ್ಲಿನ ಮೆಷಿನ್

ಹುಲ್ಲು ಕತ್ತರಿಸುವ ಮೆಷಿನ್‌ಗಳನ್ನು ಒಂದೊಂದಾಗಿ ಹೆಗಲಿಗೇರಿಸಿ ನೋಡುತ್ತಿದ್ದ ಕಾರ್ಮಿನ್ ಬಾಯಿಗೆ ಆತುರವಿರಲಿಲ್ಲ. ಹನ್ನೊಂದು ವರ್ಷ ಕಾದವಳಿಗೆ ಅಂಗಡಿಯಲ್ಲಿ ಒಂದು ತಾಸು ಯಾವ ಲೆಕ್ಕ?

“ಕಲ್ಲಿದ್ದಲ್ಲಿ ಬ್ಲೇಡ್ ಬೇಡ ಬಾಯಮ್ಮ, ನೈಲಾನ್ ದಾರ ಹಾಕಿ. ಜಾಗ ಯಾವುದು?”

“ಇಗರ್ಜಿಯ ಸ್ಮಶಾನ. ಸತ್ತವರ ಹಬ್ಬಕ್ಕೆ ಊರೆಲ್ಲ ಬರ್ತದೆ. ಅಷ್ಟರೊಳಗೆ ನಾನೇ ಹುಲ್ಲು ತೆಗೀತೇನೆ.”

ಅಂಗಡಿಯವನಿಗೆ ಅವಳ ಕತೆ ಗೊತ್ತಿತ್ತು. ಹನ್ನೊಂದು ವರ್ಷದ ಹಿಂದೆ ಅಮ್ಮ ತೀರಿಕೊಂಡ ದಿನ ಅಣ್ಣ ಮನೆಯ ಗೇಟಿಗೆ ಬೀಗ ಜಡಿದು, ಅವಳಿಗೆ ಕೊನೆಯ ಸಲ ಮುಖ ನೋಡಲೂ ಬಿಟ್ಟಿರಲಿಲ್ಲ. ಹೋದ ವರ್ಷ ಅವನನ್ನೂ ಅದೇ ಸ್ಮಶಾನದಲ್ಲಿ ಮಣ್ಣು ಮಾಡಿದ್ದರು.

“ಅಂಥ ಅಣ್ಣನ ಗೋರಿಗೂ ಸೇವೆ ಮಾಡ್ತೀರಲ್ಲ, ನಿಮ್ಮದು ದೊಡ್ಡ ಮನಸ್ಸು.”

ಅವಳು ಹೆಗಲಿನ ಪಟ್ಟಿ ಬಿಗಿದುಕೊಂಡಳು.

“ಉಳಿದ ಗೋರಿಗಳೆಲ್ಲ ಬೋಳಾದ್ರೆ ತಾನೇ, ಅವನೊಬ್ಬನ ಮೇಲೆ ಎಷ್ಟು ಹುಲ್ಲುಂಟು ಅಂತ ಊರಿಗೆ ಕಾಣುವುದು.”