ಸೋರೆಬುರುಡೆಯ ಮಿಡತೆ

ಹೊದಿಕೆಯ ಮೇಲೆ ಹರಿಯುತ್ತಿದ್ದ ಹಸಿರು ಮಿಡತೆಯನ್ನು ಗೆಂಗ್ ಅಕ್ಕ ಗಬಕ್ಕನೆ ಹಿಡಿದಾಗ ಷಾಂಗ್ ತಾತ ಬೇಡವೆನ್ನಲು ಬಾಯಿ ತೆರೆದರು. ಲಕ್ವ ಹೊಡೆದ ಮೇಲೆ ಆ ಬಾಯಲ್ಲಿ ಉಳಿದಿದ್ದು ಒಂದೇ ಮಾತು. "ಸರಿ," ಎಂದರು.

"ಮೊಮ್ಮಗಳ ಊಸರವಳ್ಳಿಗೆ ತಿನ್ನೋಕೆ ತಂದಿಟ್ಟಿದ್ದು ಡಬ್ಬಿಯಿಂದ ತಪ್ಪಿಸ್ಕೊಂಡಿದೆ ನೋಡಿ ತಾತ. ಕ್ಯಾರೆಟ್ ತಿಂದು ತಿಂದು ಎಷ್ಟು ಕೊಬ್ಬಿದೆ." ತಾತನ ಆರೈಕೆಗೆಂದು ಅವಳು ಬಂದು ಇನ್ನೂ ಎರಡೇ ದಿನ. ತಿಯಾಂಜಿನ್‌ನ ಚಳಿಗಾಲವಿಡೀ ಹಾಡು ಕೇಳಲೆಂದು ತಾತ ಸೋರೆಬುರುಡೆಯಲ್ಲಿಟ್ಟು, ಕೋಟಿನೊಳಗೆ ಎದೆಗವಚಿ ಸಾಕಿದ ಮಿಡತೆ ಅದು ಎಂದು ಅವಳಿಗೆ ಹೇಳಿದವರಿಲ್ಲ. ಮೇವು ಹಾಕಲು ತೆಗೆದ ಮುಚ್ಚಳವನ್ನು ತಾತನ ಆಡುತ್ತಿದ್ದ ಒಂದೇ ಕೈಗೆ ಮತ್ತೆ ಮುಚ್ಚಲಾಗಿರಲಿಲ್ಲ.

ಮೊಮ್ಮಗಳು ಬರೆದಿಟ್ಟಿದ್ದಂತೆ ಅಕ್ಕ ಮಿಡತೆಯನ್ನು, ಊಸರವಳ್ಳಿಯ ಮೂಳೆಗೆ ಬೇಕಾದ ಕ್ಯಾಲ್ಸಿಯಂ ಪುಡಿಯ ಚೀಲಕ್ಕೆ ಹಾಕಿ ಕುಲುಕಿದಳು. "ಸರಿ, ಸರಿ, ಸರಿ," ಎನ್ನುತ್ತಾ ತಾತ ಗಾಲಿಕುರ್ಚಿಯ ಕೈಯನ್ನು ಬಡಿದರು. "ಅದೇನು ಅವಸರ ನಿಮ್ದು? ಹತ್ರನೇ ಕೂರಿಸ್ತೀನಿ ಬನ್ನಿ," ಎಂದು ಅವಳು ಕುರ್ಚಿಯನ್ನು ಊಸರವಳ್ಳಿಯ ಗೂಡಿನವರೆಗೂ ತಳ್ಳಿಕೊಂಡು ಹೋದಳು. ಮೈಯೆಲ್ಲ ಬೆಳ್ಳಗಾಗಿದ್ದ ಮಿಡತೆ ಗೂಡಿನ ದೀಪದ ಕೆಳಗೆ ಕೊಂಬೆ ಹಿಡಿದು ಕೂತಿತು. ಬಿಸಿ ತಾಗಿದ್ದೇ, ತಾತನ ಎದೆಯ ಬಿಸಿಗೆ ಹಾಡುತ್ತಿದ್ದ ಹಾಗೆಯೇ ರೆಕ್ಕೆ ಉಜ್ಜಿ ಹಾಡತೊಡಗಿತು. ಊಸರವಳ್ಳಿಯ ಒಂದು ಕಣ್ಣು ಮೆಲ್ಲಗೆ ಅತ್ತ ತಿರುಗಿತು. ನಾಲಿಗೆ ಹೋಗಿ ಬಂದದ್ದು ಕಾಣಲೇ ಇಲ್ಲ. ಹಾಡು ನಿಂತದ್ದು ಕೇಳಿಸಿತು.

"ಅಯ್ಯೋ, ಕಣ್ಣಲ್ಲಿ ನೀರೇ ಬಂತಲ್ಲ. ಅಷ್ಟೊಂದು ಖುಷಿನಾ ತಾತ?" ಗೆಂಗ್ ಅಕ್ಕ ತನ್ನ ತೋಳಿನಿಂದಲೇ ಅವರ ಕೆನ್ನೆ ಒರೆಸಿದಳು. "ನಾಳೆನೂ ಇಲ್ಲೇ ಕೂರಿಸಿ ತೋರಿಸ್ಲಾ?"

ತಾತ ಕೋಟಿನೊಳಗಿನ ಖಾಲಿ ಬುರುಡೆಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಅದಿನ್ನೂ ಬೆಚ್ಚಗಿತ್ತು.

"ಸರಿ," ಎಂದರು.